ಇಸವಿ ಗೊತ್ತು, ಹೂವಯ್ಯ ಗೊತ್ತಿಲ್ಲ

‘ಕಾನೂರು ಹೆಗ್ಗಡಿತಿ’ ಪ್ರಕಟವಾದ ವರ್ಷ ಯಾವುದು ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ 1936 ಎನ್ನುತ್ತೇನೆ. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾದದ್ದು? ಅದೂ 1936. ಕನ್ನಡಕ್ಕೆ ಬಂದ ಎಂಟು ಜ್ಞಾನಪೀಠಗಳು ಇಸವಿ ಸಮೇತ ಬಾಯಿಪಾಠ. ಆದರೆ 2025ರ ಆರಂಭದಲ್ಲಿ ಒಂದು ದಿನ, ಶಿವಮೊಗ್ಗದ ವಾಚನಾಲಯವೊಂದರಲ್ಲಿ ಪಕ್ಕದಲ್ಲಿ ಕೂತಿದ್ದ ಬಿ.ಎ. ಓದುವ ಹುಡುಗಿ, ‘ಅಕ್ಕ, ಈ ಹೂವಯ್ಯನ ಮೇಲೆ ನಿಮಗೆ ಸಿಟ್ಟು ಬರಲ್ವಾ?’ ಎಂದು ಕೇಳಿದಳು. ‘ಯಾವ ಹೂವಯ್ಯ?’ ಎಂದೆ ನಾನು. ಅವಳ ಕೈಯಲ್ಲಿದ್ದದ್ದು ಅದೇ ‘ಕಾನೂರು ಹೆಗ್ಗಡಿತಿ’. ಮೈಸೂರಿನಲ್ಲಿ ಓದುತ್ತಿದ್ದು ಊರಿಗೆ ಮರಳಿದ ಆ ಹುಡುಗನ ಹೆಸರೇ ನನಗೆ ಗೊತ್ತಿರಲಿಲ್ಲ. ಅವಳು ನಗಲಿಲ್ಲ. ನಕ್ಕಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲವೇನೋ.

ನಾನು ಭದ್ರಾವತಿಯ ಪೇಪರ್ ಟೌನ್‌ನಲ್ಲಿ ಬೆಳೆದವಳು. ಅಪ್ಪ ಕಾಗದದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು, ಯಂತ್ರಗಳು ನಿಲ್ಲುವ ಮೊದಲೇ ನಿವೃತ್ತರಾದವರು. ಪತ್ರಿಕೆ ಮುದ್ರಿಸುವ ಕಾಗದವನ್ನು 1981ರಿಂದ ತಯಾರಿಸುತ್ತಿದ್ದ ಊರು ನಮ್ಮದು. ಅಂಥ ಊರಿನ ಹುಡುಗಿಗೆ ಕಾಗದದ ಮೇಲೆ ಏನು ಬರೆದಿದೆ ಎಂಬುದಕ್ಕಿಂತ ಅದು ಎಷ್ಟು ಅಂಕದ ಪ್ರಶ್ನೆ ಎಂಬುದೇ ಮುಖ್ಯವಾಗಿತ್ತು. ಇದು ನನ್ನೊಬ್ಬಳ ಕತೆಯಲ್ಲ. ದಿನಾ ಬೆಳಿಗ್ಗೆ ಬಸ್ ಹತ್ತಿ ಶಿವಮೊಗ್ಗಕ್ಕೆ ಬಂದು, ಬ್ಯಾಗ್ ಇಟ್ಟು ಸೀಟು ಹಿಡಿದು, ಸಂಜೆಯವರೆಗೆ ಕೂರುವ ನಮ್ಮಂಥವರಿಗೆಲ್ಲ ಸಾಹಿತ್ಯವೆಂದರೆ ಎರಡು ಕಾಲಂ: ಎಡಕ್ಕೆ ಕೃತಿ, ಬಲಕ್ಕೆ ಕರ್ತೃ. ಹೊಂದಿಸಿ ಬರೆಯಿರಿ.

ಓದುವ ಜಾಗಗಳೂ ಹಾಗೇ ಆಗಿವೆ. ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದದ್ದು 1965ರಲ್ಲಿ. ಮನೆ ಕಂದಾಯದ ಜೊತೆ ಶೇ 6ರಷ್ಟು ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. (ಇದೂ ಪರೀಕ್ಷೆಗೆ ಓದಿದ್ದೇ!) ನಾನು ಕೂರುವ ವಾಚನಾಲಯದಲ್ಲಿ ಕುರ್ಚಿ ಸಿಗುವುದೇ ಕಷ್ಟ. ಆದರೆ ಕಾದಂಬರಿಗಳ ಬೀರುವಿನ ಮುಂದೆ ಯಾರೂ ಇರುವುದಿಲ್ಲ. ಎಲ್ಲರ ಮುಂದೆಯೂ ಮನೆಯಿಂದ ತಂದ ಗೈಡು, ನೋಟ್ಸು. ಗ್ರಂಥಾಲಯ ತುಂಬಿದೆ ಎಂದು ಸಂತೋಷಪಡುವವರು ಒಮ್ಮೆ ಒಳಗೆ ಬಂದು ಮೇಜಿನ ಮೇಲೇನಿದೆ ಎಂದು ನೋಡಬೇಕು. ಹಾಗೆಂದು ನಮ್ಮನ್ನು ಬೈದು ಪ್ರಯೋಜನವಿಲ್ಲ. 2024ರ ಅಕ್ಟೋಬರ್ ಕೊನೆಯಲ್ಲಿ, ಒಳಮೀಸಲಾತಿ ತೀರ್ಮಾನವಾಗುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಇಲ್ಲ ಎಂದು ಸರ್ಕಾರ ಹೇಳಿತು. ಅದರ ಹಿಂದಿನ ನ್ಯಾಯದ ಬೇಡಿಕೆ ದೊಡ್ಡದು, ಹಳೆಯದು, ತಕರಾರಿಲ್ಲ. ಆದರೆ ಕಾಯುವವರ ವಯಸ್ಸು ನಿಲ್ಲುವುದಿಲ್ಲವಲ್ಲ. ಅಧಿಸೂಚನೆಯೇ ಇಲ್ಲದ ತಿಂಗಳುಗಳಲ್ಲಿ ಅದೇ ಗೈಡನ್ನು ನಾಲ್ಕನೇ ಸಲ ತಿರುವಿಹಾಕುವಾಗಿನ ಮನಸ್ಸು ಹೇಗಿರುತ್ತದೆಂದು ಕೂತವರಿಗೇ ಗೊತ್ತು.

ಹೂವಯ್ಯನ ಪ್ರಶ್ನೆ ಬಂದದ್ದು ಅಂಥ ದಿನಗಳಲ್ಲಿ. ಅದರ ಮುಂದಿನ ಭಾನುವಾರ ನಾವು ಏಳು ಜನ ಗಾಂಧಿ ಪಾರ್ಕಿನಲ್ಲಿ ಕಡಲೆಕಾಯಿ ಹಿಡಿದು ಕೂತೆವು. ವಾರಕ್ಕೊಂದು ವಿಷಯ, ಅದಕ್ಕೆ ಹೊಂದುವ ಒಂದು ಪುಸ್ತಕ ಅಥವಾ ಒಂದು ಪಾತ್ರ, ಒಬ್ಬೊಬ್ಬರಿಗೆ ಐದು ನಿಮಿಷ. ನಿಯಮ ಒಂದೇ: ಇಸವಿ ಹೇಳುವ ಹಾಗಿಲ್ಲ.

ಮೊದಲ ವಾರ ನೆಲಕಚ್ಚಿತು. ‘ನಿಮ್ಮ ಮೆಚ್ಚಿನ ಲೇಖಕ’ ಎಂದು ಇಟ್ಟಿದ್ದೆವು. ನಾಲ್ವರು ಕುವೆಂಪು ಎಂದರು, ಇಬ್ಬರು ತೇಜಸ್ವಿ ಎಂದರು, ಯಾಕೆ ಎಂದರೆ ಎಲ್ಲರೂ ಶಾಲೆಯ ಭಾಷಣ ಸ್ಪರ್ಧೆಗೆ ಇಳಿದರು. ಓದಿದ್ದ ಒಬ್ಬಳೇ ಮಾತಾಡಿದಳು, ಉಳಿದವರು ಕಡಲೆಕಾಯಿ ಸುಲಿದರು. ಎರಡನೇ ವಾರ ಯಾರೋ ತಮಾಷೆಗೆ ‘ನಾಯಿ’ ಎಂದರು. ಅವತ್ತು ಕತ್ತಲಾದದ್ದೇ ಗೊತ್ತಾಗಲಿಲ್ಲ. ‘ಮಲೆಗಳಲ್ಲಿ ಮದುಮಗಳು’ವಿನ ಗುತ್ತಿಯ ನಾಯಿ ಹುಲಿಯ, ‘ಕರ್ವಾಲೊ’ದ ಕಿವಿ, ಒಬ್ಬನ ಮನೆಯ ಬೀದಿನಾಯಿ, ಎಲ್ಲವೂ ಪಾರ್ಕಿಗೆ ಬಂದವು. ತೀರ್ಥಹಳ್ಳಿ ಕಡೆಯವನೊಬ್ಬ ತುಂಗೆಯ ನೆರೆಗೆ ಸಿಕ್ಕ ಹುಲಿಯನ ಬಗ್ಗೆ ಹೇಳುತ್ತ ಅರ್ಧಕ್ಕೇ ನಿಲ್ಲಿಸಿ, ‘ಬೇಡ ಮಾರಾಯ, ನೀವೇ ಓದ್ಕಳಿ’ ಎಂದುಬಿಟ್ಟ. ಆ ದಪ್ಪ ಕಾದಂಬರಿಯನ್ನು ಮುಂದಿನ ಎರಡು ತಿಂಗಳಲ್ಲಿ ನಮ್ಮಲ್ಲಿ ಮೂವರು ಮುಗಿಸಿದೆವು. ಒಂದು ನಾಯಿಗೋಸ್ಕರ!

ಲೇಖಕನ ಹೆಸರು ಕೇಳಿದರೆ ಓದದವನಿಗೆ ಬಾಯಿ ಕಟ್ಟುತ್ತದೆ. ನಾಯಿ, ನದಿ, ಅಜ್ಜಿ, ಹಸಿವು ಎಂದರೆ ಹಾಗಾಗುವುದಿಲ್ಲ. ಐದನೇ ತರಗತಿಯ ಒಂದು ಪಾಠ ಮಾತ್ರ ನೆನಪಿರುವವನೂ ಮಾತಿಗೆ ಸೇರುತ್ತಾನೆ, ಆಮೇಲೆ ಬೇರೆಯವರು ಹೇಳಿದ್ದನ್ನು ಹುಡುಕಿಕೊಂಡು ಹೋಗುತ್ತಾನೆ. ಕಾಲೇಜುಗಳಲ್ಲಿ ಸಾಹಿತ್ಯ ಸಂಘಗಳ ಉದ್ಘಾಟನೆಗೆ ಮೈಕು, ಹಾರ, ಮೊಮೆಂಟೊ ಎಲ್ಲ ಇರುತ್ತದೆ. ಇಂಥದ್ದೊಂದು ಪ್ರಶ್ನೆ ಮಾತ್ರ ಇರುವುದಿಲ್ಲ.

ಮೇ ತಿಂಗಳ ಹೊತ್ತಿಗೆ ನಮ್ಮ ರೂಢಿ ಸ್ವಲ್ಪ ಬದಲಾಯಿತು. ಆ ವಾರದ ಸುದ್ದಿಯಿಂದಲೇ ವಿಷಯ ಆರಿಸತೊಡಗಿದೆವು. ಕಾರಣ ಬೂಕರ್. 2025ರ ಮೇ 20ರಂದು ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂತು. ಮರುದಿನವೇ ನಮ್ಮ ಮೊಬೈಲುಗಳಲ್ಲಿ ‘ಪ್ರಚಲಿತ ವಿದ್ಯಮಾನ’ ಸಿದ್ಧ: ಕೃತಿ ‘ಹಾರ್ಟ್ ಲ್ಯಾಂಪ್’, ಕತೆಗಳು 12, ಅನುವಾದಕಿ ದೀಪಾ ಭಾಸ್ತಿ, ಬಹುಮಾನ 50 ಸಾವಿರ ಪೌಂಡ್, ಇಬ್ಬರಿಗೂ ಸಮಪಾಲು. ಐದು ಸಾಲು, ಮುಗಿಯಿತು. ಆ ಐದು ಸಾಲಿನಲ್ಲಿ ಇಲ್ಲದ್ದೊಂದಿತ್ತು. ಹಾಸನದ ಬಾನು ಅವರು ಎಂಟನೇ ವಯಸ್ಸಿನಲ್ಲಿ ಕನ್ನಡ ಕಲಿತದ್ದು ನಮ್ಮ ಶಿವಮೊಗ್ಗದಲ್ಲಿ! ಆರು ತಿಂಗಳಲ್ಲಿ ಓದು ಬರಹ ಕಲಿಯಬೇಕು ಎಂಬ ಷರತ್ತಿನ ಮೇಲೆ ಇಲ್ಲಿನ ಮಿಷನರಿ ಶಾಲೆಯೊಂದಕ್ಕೆ ಸೇರಿಸಿಕೊಂಡಿದ್ದರು; ಆ ಹುಡುಗಿ ಕೆಲವೇ ದಿನಗಳಲ್ಲಿ ಬರೆಯತೊಡಗಿದಳು. ಮುಂದೆ ಅವರು ವರದಿ ಬರೆದದ್ದು ಇದೇ ಜಿಲ್ಲೆಯ ಕೊನಗವಳ್ಳಿಯ ಲಂಕೇಶರ ಪತ್ರಿಕೆಗೆ.

ಆ ಭಾನುವಾರದ ವಿಷಯ ‘ಮನೆಮಾತು’. ಭದ್ರಾವತಿಯವರಿಗೆ ಈ ವಿಷಯ ಹೊಸದಲ್ಲ. ಉಕ್ಕು, ಕಾಗದದ ಕೆಲಸಕ್ಕೆಂದು ಎಲ್ಲಿಂದೆಲ್ಲಿಂದಲೋ ಬಂದು ನೆಲೆಸಿದವರ ಊರು. ನಮ್ಮ ಬೀದಿಯಲ್ಲಿ ಒಂದು ಮನೆಯಲ್ಲಿ ತಮಿಳು, ಪಕ್ಕದಲ್ಲಿ ತೆಲುಗು, ಎದುರಿಗೆ ಉರ್ದು. ಎದುರು ಮನೆಯ ಗೆಳತಿ ನನ್ನ ಜೊತೆಗೇ ಬಸ್ಸಿಗೆ ಬರುವವಳು, ಅಲ್ಲಿಯವರೆಗೆ ಪಾರ್ಕಿನಲ್ಲಿ ಬಾಯಿ ಬಿಟ್ಟಿರಲಿಲ್ಲ. ಅವತ್ತು ‘ಎದೆಯ ಹಣತೆ’ ಕತೆಯನ್ನು ಕನ್ನಡದಲ್ಲೇ ಓದಿಕೊಂಡು ಬಂದಿದ್ದಳು. ತವರೂ ಕೈಬಿಟ್ಟ ತಾಯಿಯನ್ನು ಮಗಳು ತಡೆದು ನಿಲ್ಲಿಸುವ ಜಾಗ ಹೇಳುವಾಗ ಅವಳ ದನಿ ಸಣ್ಣಗಾಯಿತು. ‘ನಮ್ಮ ಮನೆ ಮಾತು ಪುಸ್ತಕದಲ್ಲಿ ಬರುತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ಕಣೇ’ ಎಂದಳು. ಐದು ಸಾಲಿನ ನೋಟ್ಸನ್ನು ಅವಳೂ ಓದಿದ್ದಳು.

ಜುಲೈ 14ರಂದು ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಲಾಂಚಿಗೆ ಕಾಯುವ ಕಾಲ ಮುಗಿಯಿತು ಎಂದು ಎಲ್ಲೆಡೆ ಡ್ರೋನ್ ಚಿತ್ರಗಳು. ನಮ್ಮ ವಿಷಯ ‘ಮುಳುಗಡೆ’. ನಮ್ಮಲ್ಲೊಬ್ಬ ಸಾಗರ ಕಡೆಯವನು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ ಮನೆ, ಗದ್ದೆ ನೀರಿನಡಿ ಹೋಗಿ ಎದ್ದು ಬಂದವರ ಮೊಮ್ಮಗ. ಮನೆಯಲ್ಲಿ ಅಜ್ಜಿ ಹೇಳುತ್ತಿದ್ದದ್ದು ಅವನಿಗೆ ಗೋಳಾಗಿ ಕೇಳಿಸುತ್ತಿತ್ತು, ಗೈಡಿನಲ್ಲಿದ್ದದ್ದು ಸಾಮಾನ್ಯ ಜ್ಞಾನವಾಗಿ ಕಾಣುತ್ತಿತ್ತು. ಎರಡೂ ಒಂದೇ ಎಂದು ತೋರಿಸಿದ್ದು ನಾ. ಡಿಸೋಜ ಅವರ ‘ದ್ವೀಪ’. ಸಾಗರದವರೇ ಆದ ಡಿಸೋಜ ಲೋಕೋಪಯೋಗಿ ಇಲಾಖೆಯ ನೌಕರರಾಗಿದ್ದು, ಮುಳುಗಡೆಯನ್ನು ಹತ್ತಿರದಿಂದ ಕಂಡವರು. ಅದೇ ವರ್ಷದ ಜನವರಿಯಲ್ಲಿ ತೀರಿಕೊಂಡಾಗ ಅವರ ಹೆಸರೂ ನಮ್ಮ ನೋಟ್ಸಿಗೆ ಸೇರಿತ್ತು. ಗಿರೀಶ್ ಕಾಸರವಳ್ಳಿ ಸಿನಿಮಾ ಮಾಡಿದ ಕಾದಂಬರಿ ಎಂಬಷ್ಟೇ ನಮಗೆ ತಿಳಿದಿದ್ದದ್ದು. ನೀರು ಏರುತ್ತಿದ್ದರೂ ಮನೆ ಬಿಡದ ಗಣಪಯ್ಯ, ನಾಗವೇಣಿಯರ ಬಗ್ಗೆ ಅವನು ಐದು ನಿಮಿಷದ ನಿಯಮ ಮುರಿದು ಅರ್ಧ ಗಂಟೆ ಮಾತಾಡಿದ. ಆಮೇಲೆ ಮನೆಗೆ ಹೋಗಿ ಅಜ್ಜಿಯನ್ನು ಕೂರಿಸಿಕೊಂಡು ಯಾವ ಗದ್ದೆ ಎಲ್ಲಿತ್ತು ಎಂದು ಬರೆದುಕೊಂಡ. ಮುಳುಗಡೆಯವರ ಭೂಮಿ ಹಕ್ಕಿನ ಸುದ್ದಿ ಅರವತ್ತು ವರ್ಷದ ಮೇಲೂ ನಮ್ಮ ಜಿಲ್ಲಾ ಪುಟಗಳಲ್ಲಿ ಇದ್ದೇ ಇದೆ. ಸೇತುವೆಯ ಸುದ್ದಿಯನ್ನು ಅದರ ಪಕ್ಕ ಇಟ್ಟು ಓದಲು ಕಲಿಸುವ ಗೈಡು ನನಗಂತೂ ಸಿಕ್ಕಿಲ್ಲ.

ಎಲ್ಲ ವಾರವೂ ಹೀಗೆ ಚಂದ ಇರುವುದಿಲ್ಲ. ಸೆಪ್ಟೆಂಬರ್ 24ರಂದು ಎಸ್.ಎಲ್. ಭೈರಪ್ಪ ತೀರಿಕೊಂಡ ವಾರ ‘ಜಗಳವಾಡಬೇಕೆನಿಸುವ ಲೇಖಕ’ ಎಂದು ಇಟ್ಟು ಕೆಟ್ಟೆವು. ‘ಪರ್ವ’ ಎಂದರೆ ಪ್ರಾಣ ಬಿಡುವವನೂ ‘ಆವರಣ’ ಎಂದರೆ ಕೆಂಡವಾಗುವವಳೂ ಒಂದೇ ಬೆಂಚಿನಲ್ಲಿದ್ದರು. ದನಿ ಏರಿತು, ವಾಕಿಂಗಿಗೆ ಬಂದ ಹಿರಿಯರು ನಿಂತು ನೋಡಿದರು. ಕೊನೆಗೆ ಗೊತ್ತಾದದ್ದು, ಇಬ್ಬರೂ ಮತ್ತೊಬ್ಬರು ಹೇಳುತ್ತಿದ್ದ ಪುಸ್ತಕವನ್ನು ಓದಿರಲಿಲ್ಲ! ಅದಲುಬದಲು ಮಾಡಿಕೊಂಡು ಹೋದರು. ಅಭಿಪ್ರಾಯ ಬದಲಾಗಿದೆ ಎಂದು ಇಬ್ಬರೂ ಇಲ್ಲಿಯವರೆಗೆ ಹೇಳಿಲ್ಲ.

ನನಗೆ ಬೇಕಾದ ವಾರ ಬಂದದ್ದು ಆಮೇಲೆ. ವಿಷಯ ‘ಕೆಲಸ’. ನಾನು ತೆಗೆದುಕೊಂಡದ್ದು ‘ಕರ್ವಾಲೊ’ದ ಮಂದಣ್ಣ. ಜೇನು ಹಿಡಿಯುತ್ತ ಅಲೆಯುವ ಅವನು ಸುತ್ತಲಿನವರ ಕಣ್ಣಿಗೆ ಪೆದ್ದ. ಆದರೆ ದೊಡ್ಡ ವಿಜ್ಞಾನಿ ಕರ್ವಾಲೊ ಅವನನ್ನು ಬಿಡುವುದಿಲ್ಲ. ಹಾರುವ ಓತಿಯನ್ನು ಕಂಡ ಕಣ್ಣು ಅವನದು. ಪುಸ್ತಕ ಓದುವಾಗ ನಗು ಬರುವ ಜಾಗಗಳಲ್ಲೆಲ್ಲ ನನಗೆ ನಗು ಬರಲಿಲ್ಲ. ಮೂರು ವರ್ಷದಿಂದ ನಾನು ಮನೆಯಲ್ಲಿ, ನೆಂಟರ ಮದುವೆಗಳಲ್ಲಿ ಇನ್ನೂ ಕೆಲಸ ಸಿಗದವಳು, ಅಷ್ಟೇ. ನನಗೂ ಕಣ್ಣಿಗೆ ಬಿದ್ದದ್ದು ಏನಾದರೂ ಇರಬಹುದು ಎಂದು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಇದನ್ನು ಪಾರ್ಕಿನಲ್ಲಿ ಹೇಳಬೇಕೆಂದು ಹೋದವಳು ಮಂದಣ್ಣನ ಬಗ್ಗೆ ಎರಡು ಮಾತಾಡಿ ಸುಮ್ಮನಾದೆ. ಪಕ್ಕದವನು ಕಡಲೆಕಾಯಿಯ ಪೊಟ್ಟಣ ನನ್ನ ಕಡೆ ಸರಿಸಿದ.

ಇದರಿಂದ ಕೆಲಸ ಸಿಗುತ್ತದೆಯೇ? ಅಮ್ಮ ಕೇಳುವುದೂ ಅದನ್ನೇ: ‘ಕತೆ ಪುಸ್ತಕ ಓದ್ಕೊಂಡು ಕೂತ್ರೆ ಯಾರು ಕೊಡ್ತಾರೆ ಕೆಲಸ?’ ಸಿಗುವುದಿಲ್ಲ ಅಮ್ಮ. ಏಳು ಜನರಲ್ಲಿ ಒಬ್ಬ ಗ್ರಾಮ ಆಡಳಿತಾಧಿಕಾರಿಯಾಗಿ ಹೋದ; ಅವನು ನಮ್ಮಲ್ಲೆಲ್ಲ ಕಡಿಮೆ ಓದುತ್ತಿದ್ದವನು. ಆದರೆ ಇನ್ನೊಂದು ಮಾತು. 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಅನುವಾದ ಕೆಟ್ಟಿದೆ ಎಂದು ಗಲಾಟೆಯಾಗಿ, 2024ರ ಡಿಸೆಂಬರ್ 29ರಂದು ಮರುಪರೀಕ್ಷೆ ನಡೆದು, ಅದರಲ್ಲೂ ತಪ್ಪುಗಳಿವೆ ಎಂದು ಮತ್ತೆ ಗಲಾಟೆಯಾಯಿತಲ್ಲ? ಆ ದಿನ ಕುವೆಂಪು ಹುಟ್ಟಿದ ದಿನ. ಅವರು ಹುಟ್ಟಿದ ವರ್ಷ 1904 ಎಂದು ತಿಳಿದವರು ಪ್ರಶ್ನೆಪತ್ರಿಕೆಯ ಎರಡೂ ಬದಿಯಲ್ಲಿ ಇದ್ದರು. ಅವರ ಕನ್ನಡವನ್ನು ಓದಿದವರು ಅತ್ತಲೂ ಕಡಿಮೆ, ಇತ್ತಲೂ ಕಡಿಮೆ ಎಂದು ನನ್ನ ಅನುಮಾನ.

ಅಮ್ಮನಿಗೆ ಈಚೆಗೆ ಎಂ.ಕೆ. ಇಂದಿರಾ ಅವರ ವಿಷಯ ಹೇಳಿದೆ. ತೀರ್ಥಹಳ್ಳಿಯಲ್ಲಿ ಹುಟ್ಟಿದವರು, ಚಿಕ್ಕಂದಿನಲ್ಲೇ ಮದುವೆ, ಶಾಲೆ ಅಲ್ಲಿಗೇ ಮುಗಿಯಿತು, ಕಾದಂಬರಿ ಬರೆಯತೊಡಗಿದ್ದು ನಲವತ್ತೈದರ ಹೊತ್ತಿಗೆ. ಮೊದಲ ಕಾದಂಬರಿಯ ಹೆಸರು ‘ತುಂಗಭದ್ರ’. ‘ನಲವತ್ತೈದಕ್ಕಾ?’ ಎಂದು ಅಮ್ಮ ಒಗ್ಗರಣೆ ನಿಲ್ಲಿಸಿ ಕೇಳಿದರು. ‘ಫಣಿಯಮ್ಮ’ ಈಗ ಅಡುಗೆಮನೆಯ ಡಬ್ಬಿಗಳ ಪಕ್ಕ ಇದೆ. ಎಷ್ಟು ಓದಿದ್ದಾರೋ ಕೇಳಿಲ್ಲ, ಪುಟ ಗುರುತಿಗೆ ಇಟ್ಟ ಕರೆಂಟ್ ಬಿಲ್ ಮಾತ್ರ ಮುಂದೆ ಮುಂದೆ ಹೋಗುತ್ತಿದೆ.

ಮುಂದಿನ ಭಾನುವಾರದ ವಿಷಯ ‘ಕಾರ್ಖಾನೆ’. ಆರಿಸಿದ್ದು ನಾನೇ, ಈಗ ಪೇಚಾಡುತ್ತಿರುವವಳೂ ನಾನೇ. ಮಲೆನಾಡಿನ ಗೌಡರ ಮನೆ, ಅಗ್ರಹಾರ, ಕಾಡು, ನದಿ ಎಲ್ಲಕ್ಕೂ ಕಾದಂಬರಿ ಸಿಕ್ಕಿತು. ಸೈರನ್ನಿಗೆ ಎದ್ದು ಸೈಕಲ್ಲಿನಲ್ಲಿ ಶಿಫ್ಟಿಗೆ ಹೋದ ನಮ್ಮೂರಿನವರ ಪಾತ್ರ ಯಾವ ಪುಸ್ತಕದಲ್ಲಿದೆ ಎಂದು ವಾರದಿಂದ ಹುಡುಕುತ್ತಿದ್ದೇನೆ. ನಿನ್ನೆ ಅಪ್ಪನನ್ನು ಕೇಳಿದೆ. ‘ಪುಸ್ತಕ ಎಲ್ಲ ನಂಗೊತ್ತಿಲ್ಲ, ಬೇಕಾದ್ರೆ ನಾನೇ ಬರ್ತೀನಿ’ ಎಂದರು. ನಿಮಗೆ ಅಂಥ ಪುಸ್ತಕ ಗೊತ್ತಿದ್ದರೆ ಸಂಜೆ ನಾಲ್ಕಕ್ಕೆ ಗಾಂಧಿ ಪಾರ್ಕಿಗೆ ಬನ್ನಿ. ಇಸವಿ ಹೇಳುವ ಹಾಗಿಲ್ಲ.