ಕೆಮಿಕಲ್ ಕಾರ್ಖಾನೆ ಬಂದರೆ ಕೇಳಬೇಕಾದ ಪ್ರಶ್ನೆ: ದೊಡ್ಡ ಕೊಪ್ಪರಿಗೆಯೋ, ಸಣ್ಣ ಕೊಳವೆಯೋ?

ಗದಗ: ಮುಂಡರಗಿ ತಾಲೂಕಿನ ಹಳ್ಳಿಗುಡಿಯಲ್ಲಿ ಪೋಸ್ಕೋ ಉಕ್ಕಿನ ಕಾರ್ಖಾನೆಗೆ 2011ರಲ್ಲಿ ರೈತರು ಬೇಡ ಅಂದ್ರು. 2013ರಲ್ಲಿ ಕಂಪನಿಯೂ ಯೋಜನೆ ಕೈಬಿಟ್ಟಿತು. ಆದ್ರೆ ಹುಡುಗರಿಗೆ ಊರಲ್ಲೇ ಕೆಲಸ ಬೇಕು ಅನ್ನೋ ಮಾತು ನಿಂತಿಲ್ಲ. ಯಾದಗಿರಿಯ ಕಡೇಚೂರು ಕೈಗಾರಿಕಾ ಪ್ರದೇಶದ ಔಷಧ, ರಾಸಾಯನಿಕ ಘಟಕಗಳ ವಾಸನೆ ಮತ್ತು ನೀರಿನ ಬಗ್ಗೆ ಅಲ್ಲಿನವರ ದೂರೂ ನಮ್ಮ ಕಣ್ಣಮುಂದೆ ಇದೆ. ನಾಳೆ ಶಿರಹಟ್ಟಿ, ಲಕ್ಷ್ಮೇಶ್ವರ ಕಡೆ ಅಂಥ ಘಟಕ ಬರ್ತದೆ ಅಂದರೆ ‘ಬೇಕು, ಬೇಡ’ ಅಂದ್ರೆ ಸಾಲದು. ‘ಹೆಂಗ ತಯಾರಿಸ್ತೀರಿ’ ಅಂತಲೂ ಕೇಳಬೇಕು.

ಬೆಲ್ಲದ ಗಾಣ ನೋಡಿದವರಿಗೆ ಇದು ಸುಲಭ. ಕೊಪ್ಪರಿಗೆ ತುಂಬಿ, ಕಾಯಿಸಿ, ಇಳಿಸಿ, ಮತ್ತೆ ತುಂಬೋದು ಬ್ಯಾಚ್ ಪದ್ಧತಿ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ರಸ ಕೊಳವೆಗಳಲ್ಲಿ ಹರಿಯುತ್ತಲೇ ಕಾಯ್ತದೆ. ಇದೇ ರೀತಿ ರಾಸಾಯನಿಕಗಳನ್ನು ಸಣ್ಣ ಕೊಳವೆಯಲ್ಲಿ ಹರಿಸಿ, ಅಲ್ಲೇ ಬೆರೆಸಿ ಉತ್ಪನ್ನ ಮಾಡೋದು ‘ಕಂಟಿನ್ಯೂಯಸ್ ಫ್ಲೋ ರಿಯಾಕ್ಟರ್’.

ವ್ಯತ್ಯಾಸ ಇರೋದು ಶಾಖದಲ್ಲಿ. ಪಾತ್ರೆಯ ಉದ್ದ, ಅಗಲ, ಎತ್ತರ 10 ಪಟ್ಟು ಮಾಡಿದರೆ ಒಳಗಿನ ಸರಕು 1000 ಪಟ್ಟು ಆಗ್ತದೆ, ಶಾಖ ಹೊರಬಿಡುವ ಮೈ ಮಾತ್ರ 100 ಪಟ್ಟು. ಲ್ಯಾಬಿನಲ್ಲಿ ತಣ್ಣಗಿದ್ದ ಕ್ರಿಯೆ ದೊಡ್ಡ ಪಾತ್ರೆಯಲ್ಲಿ ಕೈಮೀರೋದು ಇದಕ್ಕೇ. 2007ರ ಡಿಸೆಂಬರ್‌ನಲ್ಲಿ ಅಮೆರಿಕದ ಫ್ಲೋರಿಡಾದ ಟಿ2 ಲ್ಯಾಬೊರೇಟರೀಸ್‌ನಲ್ಲಿ ತಂಪು ಮಾಡುವ ವ್ಯವಸ್ಥೆ ಕೈಕೊಟ್ಟು ಬ್ಯಾಚ್ ರಿಯಾಕ್ಟರ್ ಸಿಡಿಯಿತು. ನಾಲ್ವರು ಸತ್ತರು. ಕೊಳವೆಯಲ್ಲಾದರೆ ಒಂದು ಹೊತ್ತಿಗೆ ಕ್ರಿಯೆಯಲ್ಲಿ ಇರೋದು ಸ್ವಲ್ಪವೇ ಸರಕು. ಪಂಪ್ ನಿಲ್ಲಿಸಿದರೆ ಹೊಸದು ಸೇರೋದಿಲ್ಲ.

ಹಾಗಂತ ಇದು ಎಲ್ಲಕ್ಕೂ ಮದ್ದಲ್ಲ. ಗಟ್ಟಿ ಪುಡಿ ಬೀಳುವ ಕ್ರಿಯೆಯಲ್ಲಿ ಕೊಳವೆ ಕಟ್ಟಿಕೊಳ್ತದೆ. ನಿಧಾನದ ಕ್ರಿಯೆಗೆ ಒಗ್ಗೋದು ಕಷ್ಟ. ತ್ಯಾಜ್ಯ ನೀರು ಕಡಿಮೆ ಆಗಬಹುದು, ಇಲ್ಲವಾಗೋದಿಲ್ಲ. ಗೋದಾಮಿನಲ್ಲಿ ತುಂಬಿಟ್ಟ ದ್ರಾವಕದ ಅಪಾಯ ಹಾಗೇ ಉಳೀತದೆ.

2006ರ ಪರಿಸರ ಅಧಿಸೂಚನೆ ಪ್ರಕಾರ ಸಾರ್ವಜನಿಕ ಅಹವಾಲಿಗೆ ಕನಿಷ್ಠ 30 ದಿನ ಮೊದಲು ನೋಟಿಸ್ ಕೊಡಬೇಕು. ಆದ್ರೆ ಪರಿಸರ ಅನುಮತಿ ಪಡೆದ ಕೈಗಾರಿಕಾ ಪ್ರದೇಶದೊಳಗೆ ಬರುವ ಘಟಕಗಳಿಗೆ ಸಾಮಾನ್ಯವಾಗಿ ಪ್ರತ್ಯೇಕ ಅಹವಾಲು ಇರೋದಿಲ್ಲ. ಹಾಗಾಗಿ ಪ್ರದೇಶಕ್ಕೆ ಜಾಗ ಗುರುತಿಸುವಾಗಲೇ ಮೂರು ಪ್ರಶ್ನೆ ಕೇಳಿ: ರಿಯಾಕ್ಟರ್ ಎಷ್ಟು ದೊಡ್ಡದು? ಕರೆಂಟ್ ಹೋದರೆ ತಂಪು ಮಾಡೋದು ಹೆಂಗ? ಕೊಳಚೆ ನೀರು ಎಲ್ಲಿಗೆ? ಉತ್ತರ ಬರಹದಲ್ಲಿ ಪಡೀರಿ.