ಬಾಗಿಲಿಗೂ ಮಾತು ಬೇಕು

ನಮ್ಮ ಸೂರಗೊಂಡನಕೊಪ್ಪದ ಕಡೆ ಬಸ್ಸಿನಲ್ಲಿ ಓಡಾಡುವವರಿಗೆಲ್ಲ ಎರಡು ಮಾತುಗಳು ಚೆನ್ನಾಗಿ ಗೊತ್ತು: 'ರೈಟ್' ಮತ್ತು 'ಹೋಲ್ಡಾನ್'. ಫೆಬ್ರವರಿಯಲ್ಲಿ ಸಂತ ಸೇವಾಲಾಲರ ಜಯಂತಿಗೆಂದು ಹೊರ ರಾಜ್ಯಗಳಿಂದ ಬರುವ ಭಕ್ತರಲ್ಲಿ ಕನ್ನಡ ಬಾರದವರೂ ಅಕ್ಷರ ತಿಳಿಯದವರೂ ಉಂಟು. ಅವರಿಗೂ ಈ ಕೂಗುಗಳ ಅರ್ಥ ಒಂದೇ ಪ್ರಯಾಣದಲ್ಲಿ ಆಗಿಬಿಡುತ್ತದೆ. ಟಿಕೆಟಿನಲ್ಲಿ ತಪ್ಪಾದರೆ ಕಂಡಕ್ಟರನು ಗದರಿಯಾದರೂ ಸರಿ, ಮುಂದೇನು ಮಾಡಬೇಕೆಂದು ಹೇಳುತ್ತಾನೆ.

ಈಗ ಟಿಕೆಟನ್ನು ಯಂತ್ರವೇ ಪರೀಕ್ಷಿಸುವ ಕಾಲ ಬಂದಿದೆ. ಬೆಂಗಳೂರಿನಲ್ಲಿ 2011ರ ಅಕ್ಟೋಬರ್ 20ರಂದು 'ನಮ್ಮ ಮೆಟ್ರೋ' ಆರಂಭವಾಯಿತು. ಅಲ್ಲಿ ಟೋಕನ್ ಪಡೆದವರು ಒಳಹೋಗುವಾಗ ಅದನ್ನು ಬಾಗಿಲ ಬಳಿಯ ಫಲಕಕ್ಕೆ ಮುಟ್ಟಿಸಬೇಕು. ಹೊರಬರುವಾಗ ಸೀಳಿನಲ್ಲಿ ಹಾಕಬೇಕು. 2022ರಲ್ಲಿ ಮೊಬೈಲಿನ ಕ್ಯೂಆರ್ ಟಿಕೆಟ್ಟೂ ಬಂದಿತು. ಇಂಥ ವ್ಯವಸ್ಥೆಯಿಂದ ಕಾಲ ಉಳಿಯುವುದೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಒಮ್ಮೆ ದೂರದ ನಗರವೊಂದರಲ್ಲಿ, ಅದರ ಹೆಸರು ಇಲ್ಲಿ ಬೇಡ, ಇಂಥದೇ ಬಾಗಿಲು ನನ್ನ ಅಜ್ಜಿಗೆ ತೆರೆಯಲಿಲ್ಲ. ಯಂತ್ರ ಕೀಚೆಂದಿತು, ಪುಟ್ಟ ಪರದೆಯ ಮೇಲೆ ಅಕ್ಷರಗಳು ಮೂಡಿ ಮಾಯವಾದವು. ಅಜ್ಜಿಗೆ ಓದು ಬಾರದು. ಬಲ್ಲ ಭಾಷೆ ಲಂಬಾಣಿಯೊಂದೇ. ಹಿಂದೆ ನಿಂತವರು ಗೊಣಗಿದರು. "ನಾನೇನು ಕದ್ದೆನೇ?" ಎಂದು ಆಕೆ ನನ್ನನ್ನು ಕೇಳಿದಳು. ಟೋಕನ್ನನ್ನು ಒಂದಂಗುಲ ಆಚೆ ಹಿಡಿದುದೇ ಆಕೆಯ ಅಪರಾಧ!

ಬಳಿಯಲ್ಲಿ ಸಿಬ್ಬಂದಿ ಇರುತ್ತಾರಲ್ಲ ಎಂದು ಕೆಲವರು ಹೇಳಬಹುದು. ನಿಜ, ಆದರೆ ಅವರು ಬರುವಷ್ಟರಲ್ಲಿ ಅವಮಾನ ಆಗಿಹೋಗಿರುತ್ತದೆ. ಬಾಗಿಲೇ ತಿಳಿಯುವಂತೆ ಹೇಳಬಾರದೇಕೆ? ಕೇವಲ ಕೆಂಪು ಹಸಿರು ದೀಪ ಸಾಲದು; ಆ ಎರಡು ಬಣ್ಣಗಳ ಭೇದ ಕಾಣದ ಕಣ್ಣುಗಳಿವೆ. ಆದುದರಿಂದ ಬಾಣದ ಗುರುತೂ ಅಡ್ಡಗೆರೆಯ ಗುರುತೂ ದೊಡ್ಡದಾಗಿ ಇರಬೇಕು. ಕೇವಲ ಸದ್ದೂ ಸಾಲದು. ಕಿವುಡರಿಗೆ ಅದು ಕೇಳದು, ಸಾಲುಸಾಲು ಬಾಗಿಲುಗಳ ನಡುವೆ ಸದ್ದು ಯಾವುದರದೆಂದು ಉಳಿದವರಿಗೂ ತಿಳಿಯದು. ಕುರುಡರಿಗಾದರೋ ಸದ್ದೇ ದಾರಿ. ಹೋಗೆಂಬುದಕ್ಕೊಂದು, ನಿಲ್ಲೆಂಬುದಕ್ಕೊಂದು ಬೇರೆ ಬೇರೆ ನಾದವಿರಲಿ. ಎಲ್ಲಕ್ಕಿಂತ ಮಿಗಿಲಾಗಿ, 'ಮತ್ತೆ ಮುಟ್ಟಿಸಿ', 'ಹಣ ಸಾಲದು' ಎಂಬುದನ್ನು ಚಿತ್ರದಿಂದಲೂ ಆ ನಾಡಿನ ನುಡಿಯಿಂದಲೂ ತಿಳಿಸಲಿ.

ಇದು ದಯೆಯ ಮಾತಲ್ಲ. ಸಾರಿಗೆ ವಿಕಲಚೇತನರಿಗೂ ಸುಗಮವಾಗಿರಬೇಕೆಂದು 2016ರ ಕಾಯ್ದೆಯೇ ಹೇಳುತ್ತದೆ. ಅವರಿಗೆ ಅನುಕೂಲವಾದ ಬಾಗಿಲು ನನ್ನ ಅಜ್ಜಿಗೂ ಅನುಕೂಲ. ಕಂಡಕ್ಟರನ ಕೆಲಸವನ್ನು ಯಂತ್ರ ವಹಿಸಿಕೊಂಡಿದೆ. ಅವನ ಮಾತನ್ನೂ ವಹಿಸಿಕೊಳ್ಳಲಿ.