ಪೆಟ್ರೋಲು ಹೋಗುವ ದಾರಿ



ಕಳೆದ ಸಂಚಿಕೆಯಲ್ಲಿ ಹುಳಿಪುಡಿಯ ಬಗ್ಗೆ ಬರೆದಿದ್ದೆ. ಈ ಸಲ ಕಾರ್ಬುರೇಟರ್ ಬಗ್ಗೆ ಬರೆಯುತ್ತೇನೆಂದರೆ ನೀವು ನಗುತ್ತೀರಿ. ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯ ಓದಿ, ಮೂವತ್ತು ವರ್ಷ ಅಡಿಗೆಮನೆ ನೋಡಿಕೊಂಡವಳಿಗೆ ಮೋಟಾರ್ ಸೈಕಲ್ಲಿನ ಗೊಡವೆ ಏಕೆ ಎನ್ನುತ್ತೀರೇನೋ. ಕೇಳಿ, ಹೇಳುತ್ತೇನೆ.

ನಮ್ಮ ಮನೆಯಲ್ಲಿ ಒಂದು ಯೆಜ್ಡಿ ಇದೆ. ಇವರು 1991ರಲ್ಲಿ ಮೈಸೂರಿನಲ್ಲಿ ಕೊಂಡದ್ದು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಇತ್ತೆಂಬುದು ನಿಮ್ಮಲ್ಲಿ ಹಲವರಿಗೆ ಗೊತ್ತಿರಲಾರದು. 1961ರಿಂದ ಜಾವಾ ಎಂದೂ ಆಮೇಲೆ ಯೆಜ್ಡಿ ಎಂದೂ ಅಲ್ಲಿ ಗಾಡಿಗಳು ತಯಾರಾಗುತ್ತಿದ್ದವು. ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಮದ್ರಾಸು ಚೆನ್ನೈ ಆದದ್ದೂ ಅದೇ ವರ್ಷ. ನಾನು ಮದುವೆಯಾಗಿ ಈ ಊರಿಗೆ ಬಂದಾಗ ನನ್ನ ಪೆಟ್ಟಿಗೆಯ ಹಿಂದೆಯೇ ಗಾಡಿಯೂ ರೈಲಿನಲ್ಲಿ ಬಂತು. ಭಾನುವಾರ ಇವರು ಗಾಡಿ ಬಿಚ್ಚಿಕೊಂಡು ಕೂತರೆ ಟಾರ್ಚ್ ಹಿಡಿಯುವ ಕೆಲಸ ನನ್ನದು. ಬೇಸರಪಟ್ಟುಕೊಂಡೇ ಹಿಡಿಯುತ್ತಿದ್ದೆ. ಕಣ್ಣು ಮಾತ್ರ ಎಲ್ಲವನ್ನೂ ನೋಡಿಕೊಂಡಿತ್ತು.

2022ರಲ್ಲಿ ಇವರಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಸ್ವಾಧೀನ ತಪ್ಪಿತು, ಮಾತು ತೊದಲಾಯಿತು. ಮರುವರ್ಷ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ಮಳೆ. ವೇಲಚ್ಚೇರಿಯ ನಮ್ಮ ಮನೆಯ ಕೆಳಗೆ ಗಾಡಿ ಎರಡು ದಿನ ನೀರಿನಲ್ಲಿ ನಿಂತಿತ್ತು. ನೀರಿಳಿದ ಮೇಲೆ ಮೆಕ್ಯಾನಿಕ್ ಬಂದು ಎಂಜಿನ್ನಿನ ನೀರು ತೆಗೆದ, ಆಯಿಲ್ ಬದಲಿಸಿದ, ಹೊಸ ಪ್ಲಗ್ ಹಾಕಿ ಕಿಡಿ ಬರುವುದನ್ನೂ ನೋಡಿದ. ಗಾಡಿ ಮಾತ್ರ ಹತ್ತಲಿಲ್ಲ. "ಕಾರ್ಬುರೇಟರ್ ಹೋಗಿದೆ, ಇದಕ್ಕೆ ಸಿಗುವುದಿಲ್ಲ, ಗುಜರಿಗೆ ಕೊಡಿ" ಎಂದ. ಮಗನೂ "ಕೊಟ್ಟುಬಿಡೋಣ ಅಮ್ಮಾ, ಓಡಿಸುವವರು ಯಾರು?" ಎಂದ. ಇವರು ಏನೂ ಅನ್ನಲಿಲ್ಲ. ಆ ರಾತ್ರಿ ಊಟ ಮಾಡಲಿಲ್ಲ.

ಭಾನುವಾರ ನಾನೇ ಮಗನನ್ನು ಎಬ್ಬಿಸಿದೆ. "ಟಾರ್ಚ್ ನೀನು ಹಿಡಿ" ಎಂದೆ. ಇವರಿಗೆ ಕುರ್ಚಿ ಹಾಕಿ ಎದುರಿಗೆ ಕೂರಿಸಿದೆವು.

ಮಕ್ಕಳೇ, ಮೊದಲ ಪಾಠ ಇದು. ಕಿಡಿ ಇದ್ದೂ ಗಾಡಿ ಹತ್ತದಿದ್ದರೆ ಕಾರ್ಬುರೇಟರಿಗೆ ಕೈ ಹಾಕಬೇಡಿ. ಪೆಟ್ರೋಲು ಹೋಗುವ ದಾರಿಯನ್ನು ಟ್ಯಾಂಕಿನಿಂದ ಹಿಡಿದು ನೋಡುತ್ತಾ ಬನ್ನಿ. ನಲ್ಲಿಯಲ್ಲಿ ನೀರು ಬರದಿದ್ದರೆ ಮೊದಲು ತೊಟ್ಟಿ ನೋಡುವುದಿಲ್ಲವೇ, ಹಾಗೆ.

ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯಾಡಲು ಸಣ್ಣ ತೂತಿರುತ್ತದೆ. ಅದು ಕಟ್ಟಿಕೊಂಡರೆ ಗಾಡಿ ಎರಡು ಮೈಲಿ ಓಡಿ ನಿಲ್ಲುತ್ತದೆ. ಮುಚ್ಚಳ ತೆಗೆದು ಹಾಕಿದರೆ ಮತ್ತೆ ಹತ್ತುತ್ತದೆ. ಆಮೇಲೆ ಕಾರ್ಬುರೇಟರಿನ ಕಡೆಯ ಪೈಪು ಕಳಚಿ, ಗಾಜಿನ ಬಾಟಲಿ ಹಿಡಿದು, ಪೆಟ್ರೋಲಿನ ನಲ್ಲಿ ತಿರುಗಿಸಿ. ಧಾರೆ ಬಿಡದೆ ಬರಬೇಕು. ತೊಟ್ಟಿಕ್ಕಿದರೆ ನಲ್ಲಿಯ ಜಾಲರಿಯಲ್ಲಿ ತುಕ್ಕು ಕೂತಿದೆ ಎಂದರ್ಥ. ಈ ಕೆಲಸ ಬಯಲಿನಲ್ಲಿ, ಎಂಜಿನ್ ತಣ್ಣಗಿರುವಾಗಲೇ ಮಾಡಬೇಕು. ದೇವರ ದೀಪ, ಊದುಬತ್ತಿ ಹತ್ತಿರ ಇರಕೂಡದು.

ನಾವು ಹಿಡಿದದ್ದು ಹಾರ್ಲಿಕ್ಸ್ ಬಾಟಲಿ. ಐದು ನಿಮಿಷ ಬಿಟ್ಟು ನೋಡಿದರೆ ಎರಡು ಪದರ! ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತದೆ. ನೂರಕ್ಕೆ 20 ಪಾಲು ಎಥನಾಲ್ ಬೆರೆಸಿದ ಪೆಟ್ರೋಲು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ಕಬ್ಬಿನಿಂದಲೂ ಧಾನ್ಯದಿಂದಲೂ ತಯಾರಾಗುವ ಈ ಎಥನಾಲಿಗೆ ನೀರೆಂದರೆ ಪ್ರೀತಿ. ನೀರು ಹೆಚ್ಚಾದರೆ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ತಳಕ್ಕೆ ಇಳಿಯುತ್ತದೆ. ನಲ್ಲಿ ಇರುವುದು ತಳದಲ್ಲೇ. ಎಂಜಿನ್ನಿಗೆ ಮೊದಲು ಹೋಗುವುದು ಆ ನೀರೇ. ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಒಣಗಿಸಿದೆವು. ಮೆತ್ತಗಾಗಿದ್ದ ರಬ್ಬರ್ ಪೈಪನ್ನು ಬದಲಿಸಿದೆವು. ಹೊಸ ಪೆಟ್ರೋಲು ಹಾಕಿ, ಲೀಟರಿಗೆ 40 ಮಿ.ಲೀ. ಲೆಕ್ಕದಲ್ಲಿ ಆಯಿಲ್ ಬೆರೆಸಿದೆವು. ಟೂ ಸ್ಟ್ರೋಕ್ ಗಾಡಿಗೆ ನಮ್ಮ ಮನೆಯ ಅಳತೆ ಅದು.

ಆಮೇಲೆ ಕಾರ್ಬುರೇಟರಿನ ಕೆಳಗಿನ ಬಟ್ಟಲು ಬಿಚ್ಚಿದೆವು. ಒಳಗೆ ಕೆಸರು, ಬೆಲ್ಲದ ಪಾಕದಂಥ ಅಂಟು. ಪೆಟ್ರೋಲು ಆರಿಹೋದರೂ ಆಯಿಲ್ ಅಲ್ಲೇ ಉಳಿದಿರುತ್ತದೆ. ಅಲ್ಲಿರುವ ಫ್ಲೋಟ್ ನಮ್ಮ ನೀರಿನ ತೊಟ್ಟಿಯ ತೇಲುಗುಂಡಿನಂತೆ. ಬಟ್ಟಲು ತುಂಬಿದಾಗ ಸೂಜಿಯನ್ನು ಒತ್ತಿ ಪೆಟ್ರೋಲು ನಿಲ್ಲಿಸುತ್ತದೆ. ಸೂಜಿಯ ಬಾಯಲ್ಲಿ ಕಸ ಕೂತರೆ ಪೆಟ್ರೋಲು ಹೊರಗೆ ಸೋರುತ್ತದೆ. ಎಲ್ಲವನ್ನೂ ತೊಳೆದು ಜೋಡಿಸಿ ಮಗ ಕಿಕ್ ಹೊಡೆದ. ಎಂಟನೆಯ ಕಿಕ್ಕಿಗೆ ಹತ್ತಿತು! ಆದರೆ ಚೋಕ್ ತೆಗೆದ ಕೂಡಲೇ ನಿಂತಿತು. ಮತ್ತೆ ಹಾಗೇ, ಮತ್ತೆ ಹಾಗೇ.

ಇವರು ಎಡಗೈ ಎತ್ತಿ ಹೆಬ್ಬೆರಳು, ತೋರುಬೆರಳು ಸೇರಿಸಿ ಏನೋ ಸಣ್ಣದನ್ನು ತೋರಿಸಿದರು. ಪೈಲಟ್ ಜೆಟ್ ಎಂದು ನನಗೆ ಹೊಳೆಯಿತು. ಗಾಡಿ ನಿಂತಲ್ಲೇ ಮೆಲ್ಲಗೆ ಓಡುವಾಗ ಪೆಟ್ರೋಲು ಬರುವುದು ಆ ಹಿತ್ತಾಳೆಯ ಚೂರಿನಿಂದ. ಅದು ಕಟ್ಟಿದ್ದರೆ ಚೋಕ್ ಇಲ್ಲದೆ ಗಾಡಿ ನಿಲ್ಲುವುದಿಲ್ಲ. ಮಗ ಅದನ್ನು ಬಿಚ್ಚಿ ಬೆಳಕಿಗೆ ಹಿಡಿದ. ತೂತೇ ಕಾಣಲಿಲ್ಲ. ನನ್ನ ಸೆರಗಿನ ಪಿನ್ನು ಕೇಳಿ, ಇನ್ನೇನು ಚುಚ್ಚಬೇಕು, ಆಗ ಇವರು ಜೋರಾಗಿ, "ಬೇಡ! ಊದು" ಎಂದರು.

ಎರಡೇ ಮಾತು. ಅಷ್ಟು ಸ್ಪಷ್ಟವಾದ ಮಾತು ಆ ಬಾಯಿಂದ ಕೇಳಿ ತಿಂಗಳುಗಳಾಗಿದ್ದವು. ಮಗ ಅಪ್ಪನ ಮುಖ ನೋಡಿದ. ನಾನು ಪಿನ್ನನ್ನು ವಾಪಸ್ ಸೆರಗಿಗೆ ಚುಚ್ಚಿಕೊಂಡೆ.

ಅವರು ಹೇಳಿದ್ದು ಸರಿ. ಲೋಹದ ಪಿನ್ನು ಹಾಕಿದರೆ ಹಿತ್ತಾಳೆಯ ತೂತು ದೊಡ್ಡದಾಗಿ ಅಳತೆ ಕೆಡುತ್ತದೆ. ಆಮೇಲೆ ಗಾಡಿ ಹೊಗೆ ಕಕ್ಕುತ್ತದೆ. ಜೆಟ್ಟನ್ನು ಪೆಟ್ರೋಲಿನಲ್ಲಿ ನೆನೆಸಿ ಸೈಕಲ್ ಪಂಪಿನಿಂದ ಊದಿದೆವು. ಮೂರನೆಯ ಸಲಕ್ಕೆ ಸೂಜಿಮೊನೆಯಷ್ಟು ಬೆಳಕು ಕಂಡಿತು. ಜೋಡಿಸಿ ಕಿಕ್ ಹೊಡೆದರೆ ಗಾಡಿ ಚೋಕಿಲ್ಲದೆ ನಿಂತಿತು, ಡಬ್ ಡಬ್ ಎಂದು. ಇವರು ಕಣ್ಣು ಮುಚ್ಚಿ ಕೇಳುತ್ತಾ ಕೂತಿದ್ದರು.

ಹೊಸ ಕಾರ್ಬುರೇಟರಿಗೆ ಪುದುಪೇಟೆಗೆ ಅಲೆಯುವುದು ತಪ್ಪಿತು. ಈಗ ಭಾನುವಾರ ಗಾಡಿ ತೆಗೆಯುವವನು ಮಗ. ಬಂದು ನಿಲ್ಲಿಸುವಾಗ ಪೆಟ್ರೋಲಿನ ನಲ್ಲಿ ಮುಚ್ಚಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಬಿಡುತ್ತಾನೆ. ಬಟ್ಟಲು ಬರಿದಾದರೆ ಅಂಟು ಕೂರುವುದಿಲ್ಲ. ಮಳೆ ಬರುವ ಸೂಚನೆ ಕಂಡರೆ ಗಾಡಿಯನ್ನು ಎತ್ತರದ ಜಾಗಕ್ಕೆ ಸಾಗಿಸುತ್ತಾನೆ.

ನಿಮ್ಮ ಮನೆಗಳಲ್ಲೂ ಅಪ್ಪನದೋ ತಾತನದೋ ಒಂದು ಗಾಡಿ ಮೂಲೆಯಲ್ಲಿ ನಿಂತಿರಬಹುದು. ಗುಜರಿಯವನನ್ನು ಕರೆಯುವ ಮುಂಚೆ ಒಂದು ಭಾನುವಾರ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಟಾರ್ಚ್ ಹಿಡಿಯಿರಿ. ಮಾತು ಬರುವಾಗಲೇ ಕೇಳಿಕೊಳ್ಳಿ. ನಾನು ಕೇಳಿಕೊಂಡದ್ದು ಅರ್ಧ ಮಾತ್ರ.

ಮುಂದಿನ ಸಂಚಿಕೆಯಲ್ಲಿ ಮತ್ತೆ ಅಡಿಗೆಮನೆಗೆ ಹೋಗೋಣ.

ನಿಮ್ಮ ಆಂಟಿ